ಮೈಕಕ್ಕನ ದವಡೆ ಹಲ್ಲು

ಬಸ್ ನಿಲ್ದಾಣದ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ತಕ್ಷಣ ಎಡಗಡೆಗೆ ಒಂದು ಗಾಜಿನ ಗೂಡಿತ್ತು. ಎರಡು ಹೆಜ್ಜೆ ಅಗಲ, ಮೂರು ಹೆಜ್ಜೆ ಉದ್ದ. ಒಳಗೊಂದು ಮೇಜು, ಸ್ಪಂಜಿನ ಟೋಪಿ ಹಾಕಿಕೊಂಡ ಮೈಕು, ಒಂದು ಕಾಲು ಕುಂಟುವ ಕುರ್ಚಿ. ಆ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬ ಹೆಂಗಸು ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬಂತು, ಯಾವುದು ಹೊರಟಿತು ಅಂತ ಇಡೀ ನಿಲ್ದಾಣಕ್ಕೆ ಕೂಗಿ ಹೇಳುತ್ತಿದ್ದಳು. ಡ್ರೈವರುಗಳೂ ಕಂಡಕ್ಟರುಗಳೂ ಅವಳನ್ನು ಮೈಕಕ್ಕ ಅನ್ನುತ್ತಿದ್ದರು. ಅವಳ ಮುಖ ಕಂಡವರು ಕೆಲವೇ ಮಂದಿ. ದನಿ ಕೇಳದವರು ಆ ಊರಲ್ಲಿ ಇರಲಿಲ್ಲ.

ಒಳ್ಳೆಯ ದನಿ. ಗಂಟೆಯ ಹಾಗೆ ಕಣಕಣ ಅನ್ನುವುದಲ್ಲ. ತುಸು ದಪ್ಪ, ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದ ಹಾಗೆ ಬೇರೆ ಬೇರೆ. 'ಹೊರಡಲು ಸಿದ್ಧವಾಗಿದೆ' ಅಂತ ಅವಳು ಅಂದರೆ, ಚಹಾ ಕುಡಿಯುತ್ತಿದ್ದವರು ಅರ್ಧಕ್ಕೇ ಲೋಟ ಇಟ್ಟು ಓಡುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆದರೆ ಆ ಕುರ್ಚಿಯಿಂದ ಏಳುವುದು ಮಾತ್ರ ಕಷ್ಟ. ನಾಲ್ಕು ನಿಮಿಷಕ್ಕೊಂದು ಬಸ್ಸು. ಬಚ್ಚಲಿಗೆ ಹೋಗಬೇಕಾದರೂ ಗಡಿಯಾರ ನೋಡಿಕೊಂಡೇ ಓಡಬೇಕು. ಮೊದಲು ಇನ್ನೊಬ್ಬಳಿದ್ದಳು, ಸರದಿಯ ಮೇಲೆ ಕೂರುತ್ತಿದ್ದರು. ಅವಳು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಗ್ಗೆ ಆರರಿಂದ ಎರಡರವರೆಗೆ ಮೈಕಕ್ಕ. ಆಮೇಲೆ ಸಂಚಾರ ನೋಡಿಕೊಳ್ಳುವ ಕಂಟ್ರೋಲರೇ ಹೇಗೋ ಒದರುತ್ತಿದ್ದ.

ಇಂಥ ದಿನಗಳಲ್ಲೇ ಹಲ್ಲಿನ ಕಾಟ ಶುರುವಾಗಿದ್ದು.

ಕೆಳಗಿನ ಸಾಲು, ಎಡಗಡೆ, ಕೊನೆಯಿಂದ ಎರಡನೆಯದು. ಮೊದಲಿಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ. ಕನ್ನಡಿ ಮುಂದೆ ಬಾಯಿ ಕಳೆದು ನೋಡಿದಳು, ಕಾಫಿ ಕಲೆ ಇರಬೇಕು ಅಂದುಕೊಂಡಳು. ಆರು ತಿಂಗಳಿಗೆ ಚುಕ್ಕಿಯಲ್ಲಿ ನಾಲಿಗೆ ತುದಿ ಸಿಕ್ಕಿಕೊಳ್ಳುವಷ್ಟು ಗುಳಿ ಬಿತ್ತು. ಶೇಂಗಾ ತಿಂದರೆ ಚೂರು ಅಲ್ಲೇ ಹೋಗಿ ಕೂರುವುದು. ತಣ್ಣೀರು ಕುಡಿದರೆ ಕಿವಿಯವರೆಗೆ ಚಳಕ್ ಅನ್ನುವುದು. ಅವಳು ತಣ್ಣೀರು ಬಿಟ್ಟಳು. ಆಮೇಲೆ ಬಿಸಿ ಚಹಾಕ್ಕೂ ನೋವು ಬಂತು, ಚಹಾ ಆರಿಸಿ ಕುಡಿಯಲು ಕಲಿತಳು. ಎಡಗಡೆ ಅಗಿಯುವುದನ್ನೇ ಬಿಟ್ಟಳು. ಹೀಗೆ ಒಂದೊಂದೇ ಬಿಡುತ್ತಾ, ಒಂದು ಹಲ್ಲಿಗೆ ಹೆದರಿ ಇಡೀ ಬಾಯಿಯಲ್ಲಿ ಒಂದು ಮೂಲೆ ಮಾತ್ರ ಅವಳದಾಗಿ ಉಳಿಯಿತು.

ಮನೆಯಲ್ಲಿ ಮೂವರು. ಗಂಡ ಟೈಲರು, ಮುಂದಿನ ಕೋಣೆಯಲ್ಲೇ ಮೆಷಿನ್ನು ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಅತ್ತೆಗೆ ಎಪ್ಪತ್ತೆಂಟು, ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಬೀರುವಿನಲ್ಲಿ ಭದ್ರವಾಗಿತ್ತು; ಮದುವೆ ಮನೆಗೆ ಹೋಗುವಾಗ ಮಾತ್ರ ಹೊರಗೆ ಬರುತ್ತಿತ್ತು.

"ಲವಂಗದೆಣ್ಣೆ ಹಚ್ಕೊ," ಅಂದ ಗಂಡ.

ಹಚ್ಚಿದಳು. ಬಾಯೆಲ್ಲ ಉರಿದು, ಗಳಿಗೆ ಹೊತ್ತು ಮರಗಟ್ಟಿತು, ಮತ್ತೆ ಶುರುವಾಯಿತು.

"ನೋವಿನ ಮಾತ್ರೆ ನುಂಗೋದಕ್ಕಿಂತ ಹಲ್ಲಿನ ಪಕ್ಕ ಒತ್ತಿಟ್ಕೊಂಡ್ರೆ ಬೇಗ ನೋವು ಎಳ್ಕೊಳ್ಳುತ್ತಂತೆ," ಅಂತ ಅವನೇ ಇನ್ನೊಂದು ದಿನ ಹೇಳಿದ. ಹಾಗೂ ಮಾಡಿದಳು. ಮಾರನೇ ದಿನ ಅಲ್ಲಿನ ವಸಡು ಬೆಳ್ಳಗೆ ಸುಟ್ಟು, ಸಿಪ್ಪೆ ಸಿಪ್ಪೆಯಾಗಿ ಎದ್ದಿತು.

"ಅಮ್ಮಾ ತಾಯಿ, ಡಾಕ್ಟ್ರ ಹತ್ರ ಹೋಗಿ ಕಿತ್ತಾಕಿಸ್ಕೊಂಡು ಬಾರೇ," ಅಂದರು ಅತ್ತೆ. "ನನ್ನ ನೋಡು, ಒಂದೂ ಇಲ್ಲ. ನೋಯಕ್ಕೆ ಏನಾದ್ರೂ ಇದ್ರೆ ತಾನೆ?"

ಮೈಕಕ್ಕ ನಕ್ಕಳು. ನಗುವಾಗಲೂ ಎಡಕೆನ್ನೆಗೆ ಕೈ ಹೋಯಿತು.

ಹೋಗದೇ ಇದ್ದದ್ದಕ್ಕೆ ಎರಡು ಕಾರಣ. ಒಂದು ಹಳೆಯದು. ಒಂಬತ್ತು ವರ್ಷದವಳಿದ್ದಾಗ ಬಲಗಡೆಯ ಹಲ್ಲೊಂದು ಹುಳುಕಾಗಿತ್ತು. ಓಣಿಯ ಕಂಪೌಂಡರು ಇಕ್ಕಳ ತಂದ. ಅಮ್ಮ ಎರಡೂ ಕೈ ಹಿಡಿದಳು, ಚಿಕ್ಕಮ್ಮ ಕಾಲ ಮೇಲೆ ಕೂತಳು. ಕಂಪೌಂಡರು ಎಳೆದ, ಹಲ್ಲು ಬಂತು, ಬೆಳಕಿಗೆ ಹಿಡಿದು ನೋಡಿ "ಅರೆ, ಇದಲ್ವಲ್ಲ" ಅಂದ. ಮತ್ತೆ ಅದೇ ಇಕ್ಕಳ ಬಾಯೊಳಗೆ ಹೋಯಿತು. ಅಮ್ಮ ಕೈ ಬಿಡಲಿಲ್ಲ. ನಲವತ್ತಾರನೇ ವಯಸ್ಸಿನಲ್ಲೂ ಆ ಮಾತು ನೆನೆದರೆ ಮೈಕಕ್ಕನ ಅಂಗೈ ಬೆವರುತ್ತಿತ್ತು. ಹಲ್ಲಿನ ಆಸ್ಪತ್ರೆಯ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುವಳು.

ಎರಡನೇ ಕಾರಣ ಹೊಸದು. ನಿಲ್ದಾಣಕ್ಕೆ ಮೆಷಿನ್ನು ಬರುತ್ತದಂತೆ ಅನ್ನುವ ಸುದ್ದಿ ಹಬ್ಬಿತ್ತು.

"ಅದೇನೋ ಕಂಪ್ಯೂಟರಂತೆ ಅಕ್ಕಾ," ಅಂತ ಕಂಟ್ರೋಲರು ಒಂದು ಬೆಳಗ್ಗೆ ಗಾಜಿನ ಬಾಗಿಲಿಗೆ ಒರಗಿ ನಿಂತು ಹೇಳಿದ. "ಬಸ್ಸಿನ ನಂಬರು ಒತ್ತಿದ್ರೆ ಅದೇ ಕೂಗುತ್ತಂತೆ. ದೊಡ್ಡ ಸಾಹೇಬ್ರು ಎರಡು ಸಲ ಬಂದು ಅಳತೆ ತಗೊಂಡು ಹೋದ್ರು."

"ಹಾಗಾದ್ರೆ ನಾನು?"

"ನಿಮ್ಮನ್ನ ಬಿಡ್ತಾರಾ? ಸ್ವಲ್ಪ ದಿನ ರಜ ಗಿಜ ಹಾಕ್ಬೇಡಿ, ಅಷ್ಟೆ. ಕುರ್ಚಿ ಖಾಲಿ ಕಂಡ್ರೆ ಅವ್ರಿಗೆ ನೆಪ ಸಿಗುತ್ತೆ."

ಅವನು ಒಳ್ಳೆಯದಕ್ಕೇ ಹೇಳಿದ್ದ. ಆದರೆ ಆ ಮಾತು ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು. ಹಲ್ಲಿನ ಆಸ್ಪತ್ರೆಯ ಬಾಗಿಲು ತೆಗೆಯುವುದು ಒಂಬತ್ತಕ್ಕೆ, ಮುಚ್ಚುವುದು ಒಂದಕ್ಕೆ. ಆ ಹೊತ್ತೆಲ್ಲ ಅವಳು ಗೂಡಿನಲ್ಲಿ. ಸಂಜೆ ಮತ್ತೆ ತೆರೆಯುತ್ತಾರೆ ಅಂತ ಗೊತ್ತಿತ್ತು. ಸಂಜೆಗೆ ಬೇರೆ ನೆಪ ಇರುತ್ತಿತ್ತು. ನಿಜ ಹೇಳಬೇಕೆಂದರೆ, ರಜ ಹಾಕುವಂತಿಲ್ಲ ಅನ್ನುವುದು ಅವಳ ಹೆದರಿಕೆಗೆ ಒಂದು ಮರ್ಯಾದಸ್ಥ ಅಂಗಿ ತೊಡಿಸಿದಂತಾಗಿತ್ತು.

ಹಲ್ಲು ಕಚ್ಚಿಕೊಂಡು ಸಹಿಸಿದೆ ಅನ್ನುತ್ತೇವಲ್ಲ, ಅವಳಿಗೆ ಅದೂ ಆಗುವಂತಿರಲಿಲ್ಲ. ಕಚ್ಚಿದರೆ ಪ್ರಾಣ ಹೋಗುತ್ತಿತ್ತು. ಮೈಕಿನ ಗುಂಡಿ ಒತ್ತುವಳು, ದನಿಯನ್ನು ಸರಿಮಾಡಿಕೊಂಡು ಹೇಳುವಳು, ಗುಂಡಿ ಬಿಟ್ಟ ಕೂಡಲೇ ಮೇಜಿಗೆ ಹಣೆ ಒತ್ತುವಳು. ಮೂರು ನಿಮಿಷ. ಮತ್ತೆ ಗುಂಡಿ.

ಹೀಗೆ ಹತ್ತು ದಿನ ನರಳಿಸಿದ ಹಲ್ಲು ಒಂದು ಬೆಳಗ್ಗೆ ಸುಮ್ಮನಾಯಿತು. ಮುಖ ತೊಳೆಯುವಾಗ ತಣ್ಣೀರು ತಾಗಿದರೂ ಏನೂ ಇಲ್ಲ. ಬಿಸಿ ಚಹಾ ಕುಡಿದಳು, ಏನೂ ಇಲ್ಲ. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

"ಹೋಯ್ತು ಕಣ್ರೀ," ಅಂದಳು ಗಂಡನಿಗೆ. "ತಾನೇ ವಾಸಿಯಾಯ್ತು."

"ನಾನು ಹೇಳ್ಲಿಲ್ವಾ, ಲವಂಗದೆಣ್ಣೆ," ಅಂತ ಅವನು ಕಾಲರಿಗೆ ಹೊಲಿಗೆ ಹಾಕುತ್ತಾ ಬೀಗಿದ.

ಹಲ್ಲು ವಾಸಿಯಾಗಿರಲಿಲ್ಲ, ಒಳಗಿನ ನರ ಸತ್ತಿತ್ತು. ಇದು ಅವಳಿಗೆ ಗೊತ್ತಾಗಿದ್ದು ಆಮೇಲೆ. ಆಗ ಮಾತ್ರ ಮೂರು ವಾರ ಹಾಯಾಗಿ ಕಳೆದಳು, ಶೇಂಗಾ ಕೂಡ ತಿಂದಳು. ಹಾಗೆ ತಿನ್ನುವಾಗಲೇ ಹಲ್ಲಿನ ಒಂದು ಗೋಡೆ ಮುರಿದು ಬಿತ್ತು. ನೋಯಲಿಲ್ಲವಾದ್ದರಿಂದ ಚೂರನ್ನು ಉಗಿದು ಸುಮ್ಮನಾದಳು.

ನಾಲ್ಕನೇ ವಾರ ದೊಡ್ಡ ಸಾಹೇಬರು ಕರೆಸಿದರು. ಮೆಷಿನ್ನು ಬರುವುದು ಖಾತ್ರಿಯಾಗಿತ್ತು. ಆದರೆ ಅದಕ್ಕೊಂದು ದನಿ ಬೇಕು.

"ಜನಕ್ಕೆ ನಿಮ್ಮ ದನಿ ರೂಢಿಯಾಗಿದೆ," ಅಂದರು ಸಾಹೇಬರು. "ನಿಮ್ಮದೇ ಹಾಕೋಣ ಅಂತ. ಎರಡು ದಿನದ ಕೆಲಸ. ಸೊನ್ನೆಯಿಂದ ನೂರರವರೆಗೆ ಅಂಕಿ, ಪ್ಲಾಟ್‌ಫಾರ್ಮುಗಳು, ನಾಲ್ಕೈದು ಮಾಮೂಲಿ ಮಾತು. ಬಿಡಿಬಿಡಿಯಾಗಿ ಹೇಳಿದ್ರೆ ಸಾಕು, ಮೆಷಿನ್ನೇ ಜೋಡಿಸ್ಕೊಳ್ಳುತ್ತೆ."

"ಆಮೇಲೆ ನನಗೆ ಏನು ಕೆಲಸ ಸಾರ್?"

"ಇದ್ದೇ ಇರುತ್ತಲ್ಲ. ವಿಚಾರಣೆ ಕೌಂಟರಿನಲ್ಲಿ ಕೂರಿ."

ಬೇಡ ಅಂದರೆ ಬೇರೆ ಯಾರದೋ ದನಿ ಬರುತ್ತದೆ. ಆಗಲಿ ಅಂದರೆ ತನ್ನ ಕುರ್ಚಿಗೆ ತಾನೇ ಕಲ್ಲು ಹಾಕಿದಂತೆ. ಯಾವ ಕಡೆ ತಿರುಗಿದರೂ ಗೋಡೆ. ಕೊನೆಗೆ, ಹೋಗಲಿ, ದನಿಯಾದರೂ ಉಳಿಯುತ್ತದಲ್ಲ ಅಂತ ಒಪ್ಪಿದಳು.

ರೆಕಾರ್ಡಿಂಗಿಗೆ ಒಂದು ಉಗ್ರಾಣವನ್ನು ಖಾಲಿ ಮಾಡಿ, ಕಿಟಕಿಗೆ ಕಂಬಳಿ ಹೊದಿಸಿದ್ದರು. ಆ ಎರಡು ದಿನ ಗೂಡಿನ ಮೈಕು ಕಂಟ್ರೋಲರ ಪಾಲಿಗೆ. ಫ್ಯಾನು ಹಾಕುವಂತಿಲ್ಲ, ಸದ್ದು ಬರುತ್ತದೆ. ಮೊದಲ ದಿನ ಬೆಳಗ್ಗೆ ಕೂತಾಗ ಎಡದವಡೆ ತುಸು ಭಾರ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಉಳಿದವಕ್ಕಿಂತ ಎತ್ತರ ಬೆಳೆದಂತೆ, ಬಾಯಿ ಮುಚ್ಚಿದರೆ ಮೊದಲು ಅದೇ ತಾಗಿದಂತೆ. ಒಳಗೆ ಏನೋ ಟಕ್ ಟಕ್ ಅಂತ ಬಡಿಯತೊಡಗಿತು. ಅವಳು ಐವತ್ತೆಂಟನೇ ಅಂಕಿಯಲ್ಲಿದ್ದಳು.

ಆ ಸಂಜೆ ಗಂಡ ಬಟ್ಟೆ ಕಾಯಿಸಿ ಕೆನ್ನೆಗೆ ಬಿಸಿ ಕಾವು ಕೊಟ್ಟ. ಎರಡನೇ ದಿನ ಎದ್ದಾಗ ಕೆನ್ನೆ ಊದಿ ಕಣ್ಣು ಕಿರಿದಾಗಿತ್ತು. ಹೋಗಬೇಡ ಅಂದರು ಅತ್ತೆ. ಹೇಗೆ ಹೋಗದಿರುವುದು? ದನಿ ಅರ್ಧಕ್ಕೆ ನಿಂತಿತ್ತು.

"ಬಾಯಿ ಇನ್ನೂ ಸ್ವಲ್ಪ ತೆಗೆದು ಹೇಳಿ ಮೇಡಂ," ಅಂದ ರೆಕಾರ್ಡ್ ಮಾಡುವವನು, ಕಿವಿಯ ಮೇಲಿನ ಹೆಡ್‌ಫೋನು ಸರಿಮಾಡಿಕೊಳ್ಳುತ್ತಾ.

ತೆಗೆದೇ ಇದ್ದೀನಿ ಅಂದುಕೊಂಡಿದ್ದಳು ಅವಳು. ದವಡೆ ಕೇಳುತ್ತಿರಲಿಲ್ಲ. ತುಟಿಗಳು ಆಡುತ್ತಿದ್ದವು, ಹಲ್ಲುಗಳು ಬೇರೆಯಾಗುತ್ತಿರಲಿಲ್ಲ. 'ಸಿದ್ಧವಾಗಿದೆ' ಅನ್ನುವಲ್ಲಿ 'ಸ' ನುಣ್ಣಗೆ ಜಾರುವ ಬದಲು ಸಂದಿಯಿಂದ ಗಾಳಿ ಹೊರಟ ಹಾಗೆ ಸುಯ್ ಅಂದಿತು. ಮೂರು ಸಲ ಹೇಳಿಸಿದ. ನಾಲ್ಕನೇ ಸಲಕ್ಕೆ ಗಡಿಯಾರ ನೋಡಿಕೊಂಡು "ಇರ್ಲಿ ಬಿಡಿ, ಚೆನ್ನಾಗೇ ಇದೆ" ಅಂದ. ಅವನಿಗೆ ಹೊರಡುವ ಅವಸರ, ಅವಳಿಗೆ ಮುಗಿದರೆ ಸಾಕು.

ಮಾರನೇ ದಿನ ಸೋಮವಾರ. ಗೂಡಿನಲ್ಲಿ ಕೂತು ಮೈಕಿನ ಗುಂಡಿ ಒತ್ತಿದಳು. ಪ್ಲಾಟ್‌ಫಾರ್ಮ್ ನಂಬರ್ ಏಳು ಅಂತ ಹೇಳಬೇಕಿತ್ತು. ಬಾಯಿಯಿಂದ ಬಂದದ್ದು ಏಳೋ ಆರೋ ಆ ದೇವರಿಗೇ ಗೊತ್ತು. ಗಾಜಿನಾಚೆ ಕೆಳಗೆ ಕಾಣುತ್ತಿತ್ತು: ಗಂಟುಮೂಟೆ ಹೊತ್ತ ಒಂದು ಸಂಸಾರ, ಮುದುಕನೊಬ್ಬನನ್ನು ನಡೆಸಿಕೊಂಡು, ಆರನೇ ಪ್ಲಾಟ್‌ಫಾರ್ಮಿಗೆ ಓಡಿತು. ಏಳರಲ್ಲಿ ಅವರ ಬಸ್ಸು ಹಿಂದಕ್ಕೆ ಹೊರಳಿ ಹೊರಡುತ್ತಿತ್ತು. 'ಅಲ್ಲ, ಅಲ್ಲ' ಅಂತ ಮೈಕಿನಲ್ಲಿ ಕೂಗಲು ಹೋದಳು. ಬಾಯಿ ತೆರೆಯಲಿಲ್ಲ. ಎರಡೂ ಕೈಯಿಂದ ಗಾಜು ಬಡಿದಳು. ಯಾರೂ ತಲೆಯೆತ್ತಲಿಲ್ಲ. ಬಸ್ಸು ಹೋಯಿತು. ಆ ಮುದುಕ ಗಂಟಿನ ಮೇಲೆ ಕೂತುಬಿಟ್ಟಿದ್ದನ್ನು ಅವಳು ನೋಡಿದಳು.

ಕಂಟ್ರೋಲರು ಓಡಿ ಬಂದ. ಅವಳ ಮುಖ ನೋಡಿ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿದ.

"ಏಳಿ ಅಕ್ಕಾ," ಅಂದ. "ಕುರ್ಚಿ ಹಾಳಾಗಿ ಹೋಗ್ಲಿ. ಎದ್ದೇಳಿ ಮೊದ್ಲು."

ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಗಂಡ ಪಕ್ಕದಲ್ಲಿ ನಿಂತಿದ್ದ. ಮೈಕಕ್ಕ ಒರಗು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಇಕ್ಕಳ ಎಲ್ಲಿದೆ ಅಂತ ಅವಳ ಕಣ್ಣು ತಟ್ಟೆಯಲ್ಲಿ ಹುಡುಕುತ್ತಿತ್ತು.

"ಬಾಯಿ ತೆಗೀರಿ ಅಮ್ಮ. ಆದಷ್ಟು."

ಒಂದು ಬೆರಳು ತೂರುವಷ್ಟು ತೆರೆಯಿತು. ಅಷ್ಟಕ್ಕೇ ಕಣ್ಣಲ್ಲಿ ನೀರು.

"ನುಂಗಕ್ಕೆ ಕಷ್ಟ ಇದ್ಯಾ? ಉಸಿರಾಡಕ್ಕೆ?"

ಇಲ್ಲವೆಂದು ತಲೆಯಾಡಿಸಿದಳು.

"ಸದ್ಯ. ಹಾಗೇನಾದ್ರೂ ಆದ್ರೆ, ಊತ ಕುತ್ತಿಗೆಗಿಳಿದ್ರೆ, ಇಲ್ಲಿಗೆ ಬರೋದೇ ಬೇಡ, ಸೀದಾ ದೊಡ್ಡಾಸ್ಪತ್ರೆಗೆ ಹೋಗ್ಬಿಡಿ. ಎಷ್ಟು ಹೊತ್ತಲ್ಲಾದ್ರೂ ಸರಿ." ಡಾಕ್ಟರು ಕೆನ್ನೆ ಮುಟ್ಟಿ ನೋಡಿ ಗಂಡನ ಕಡೆ ತಿರುಗಿದರು. "ಬಿಸಿ ಕಾವು ಕೊಟ್ರಾ?"

ಅವನು ತಲೆ ತಗ್ಗಿಸಿದ.

"ಕೆನ್ನೆ ಮೇಲೆ ಕಾವು ಕೊಟ್ರೆ ಊತ ಹರಡುತ್ತೆ. ಇನ್ನು ಕೊಡ್ಬೇಡಿ. ಉಗುರು ಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಹಿಡಿದು ಉಗಿಯೋದು ಬೇರೆ, ಅದನ್ನ ಮಾಡಿ. ಬೇರಿನ ಬುಡದಲ್ಲಿ ಕೀವು ಕಟ್ಟಿದೆ. ಅದಕ್ಕೇ ದವಡೆ ಸ್ನಾಯು ಬಿಗಿದು ಬೀಗ ಹಾಕ್ಕೊಂಡಿದೆ. ಇವತ್ತು ಹಲ್ಲು ಕೀಳಕ್ಕಾಗಲ್ಲ, ಒಳಗೆ ಕೈ ಹೋಗೋ ಜಾಗವೇ ಇಲ್ಲ. ಕೀವು ಇಳಿಸ್ತೀನಿ, ಮಾತ್ರೆ ಕೊಡ್ತೀನಿ. ಬಾಯಿ ತೆರೆಯೋವರೆಗೆ ಕಾಯ್ಬೇಕು."

ಕಾಯಬೇಕು! ಮೂವತ್ತೇಳು ವರ್ಷ ತಪ್ಪಿಸಿಕೊಂಡು ತಿರುಗಿದವಳು ಕೊನೆಗೆ ಕೀಳಿಸಿಕೊಳ್ಳಲು ಸಿದ್ಧಳಾಗಿ ಬಂದರೆ, ಕೀಳಲು ಆಗುವುದಿಲ್ಲವಂತೆ.

ಡಾಕ್ಟರು ಆ ಕಿರಿದಾದ ಸಂದಿಯಲ್ಲೇ ಕೆನ್ನೆ ಎಳೆದು, ವಸಡಿಗೆ ಮರಗಟ್ಟುವ ಮುಲಾಮು ಹಚ್ಚಿ, ಸೂಜಿ ಚುಚ್ಚಿ, ಸಣ್ಣದೊಂದು ಗೀರು ಹಾಕಿದರು. ಬಾಯಿತುಂಬ ಕೆಟ್ಟ ರುಚಿ ಇಳಿಯಿತು, ಅದರ ಹಿಂದೆಯೇ ನೋವಿನ ಅರ್ಧ ಭಾರವೂ ಇಳಿಯಿತು.

ಆಮೇಲಿನ ಆರು ದಿನ ಅವಳು ಮನೆಯಲ್ಲಿ ಮೂಗಿಯಾಗಿ ಕೂತಳು. ಚಮಚದ ತುದಿಯಿಂದ ಹಾಲು, ಕಿವುಚಿದ ಬಾಳೆಹಣ್ಣು. ಬೇಕಾದ್ದನ್ನು ಗಂಡನ ಹಳೆಯ ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸುವಳು. ಹೊಲಿಗೆ ಮೆಷಿನ್ನಿನ ಸದ್ದು, ಅತ್ತೆಯ ಮಾತು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲ ಕೇಳುವುದು. ತಾನು ಮಾತ್ರ ಹೊರಗೆ ಬರಲಾಗದು. ತನ್ನ ತಲೆಬುರುಡೆಯೊಳಗೇ ಯಾರೋ ತನ್ನನ್ನು ಕೂಡಿಹಾಕಿದ ಹಾಗೆ. ದಿನಕ್ಕೆ ಐದಾರು ಸಲ ಕನ್ನಡಿ ಮುಂದೆ ನಿಂತು ಬೆರಳು ತೂರಿಸಿ ಅಳೆಯುವಳು. ಒಂದು ಬೆರಳು. ಒಂದೂಕಾಲು. ನಾಲ್ಕನೇ ದಿನ ಎರಡು ಬೆರಳು ಹಿಡಿಸಿದಾಗ ಒಬ್ಬಳೇ ಕೂತು ಅತ್ತಳು.

ಅತ್ತೆ ಅದನ್ನು ನೋಡಿದರು. ಬೀರುವಿನಿಂದ ತಮ್ಮ ಹಲ್ಲಿನ ಸೆಟ್ಟು ತೆಗೆದು ಹಾಕಿಕೊಂಡು ಬಂದು ಎದುರಿಗೆ ಕೂತರು. "ನಗಬೇಡ ಅಂದೆ. ನಿನಗೆ ನೋವಾಗುತ್ತೆ," ಅಂದರು, ಸೆಟ್ಟು ಸಡಿಲವಾಗಿ ಮಾತಿಗೊಂದು ಸಲ ಟಕ್ಕೆನ್ನುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನಂದು ಒಂದೂ ಇಲ್ಲ, ಹಾಯಾಗಿದ್ದೀನಿ ಅಂದ್ನಲ್ಲ, ಅದು ಸುಳ್ಳು ಕಣೇ. ಒಂದೊಂದು ಹೋದಾಗ್ಲೂ ಹೀಗೇ ಅತ್ತಿದ್ದೀನಿ. ಆಗ ಕೇಳೋರು ಯಾರು?"

ಏಳನೇ ದಿನ ಹಲ್ಲು ಕಿತ್ತರು. ಕೀಳುವ ಮೊದಲು ಡಾಕ್ಟರು ಎಕ್ಸ್‌ರೇ ತೋರಿಸಿದರು, ಮೇಲೊಂದು ಚಿಪ್ಪು ಬಿಟ್ಟರೆ ಒಳಗೆಲ್ಲ ಟೊಳ್ಳು. "ಚುಕ್ಕಿ ಇದ್ದಾಗ ಬಂದಿದ್ರೆ ಹತ್ತು ನಿಮಿಷದಲ್ಲಿ ಸಿಮೆಂಟು ತುಂಬಿ ಕಳಿಸ್ತಿದ್ದೆ. ತಣ್ಣೀರು ಬಿಸಿನೀರು ತಾಗೋ ಕಾಲಕ್ಕೆ ಬಂದಿದ್ರೂ ಬೇರಿನ ಚಿಕಿತ್ಸೆ ಮಾಡಿ ಉಳಿಸ್ಕೋಬಹುದಿತ್ತು. ನೋವು ನಿಂತಾಗ್ಲಾದ್ರೂ ಅನುಮಾನ ಪಡ್ಬೇಕಿತ್ತು."

"ಇದೇ ಹಲ್ಲು ತಾನೆ?" ಅಂದಳು ಮೈಕಕ್ಕ. ವಾರದ ನಂತರ ಬಾಯಿಯಿಂದ ಬಂದ ಮೊದಲ ಪೂರ್ತಿ ಮಾತು ಅದು.

ಡಾಕ್ಟರು ನಗಲಿಲ್ಲ. ಅವಳ ಬೆರಳನ್ನೇ ಹಿಡಿದು ಆ ಹಲ್ಲಿನ ಮೇಲೆ ಇಡಿಸಿದರು. "ಇದೇನಾ? ನೀವೇ ಹೇಳಿ."

"ಇದೇ."

ಸೂಜಿ ಚುಚ್ಚಿದ್ದು ನೋವಾಯಿತು. ಕಿತ್ತದ್ದು ನೋಯಲಿಲ್ಲ, ಒತ್ತಡ ಮಾತ್ರ, ಮರದ ಬಾಗಿಲು ಕಿರುಗುಟ್ಟಿದಂಥ ಸದ್ದು ತಲೆಯೊಳಗೆ. ಹತ್ತಿ ಕಚ್ಚಿಕೊಂಡು ಮುಕ್ಕಾಲು ಗಂಟೆ ಕೂತಳು. ಇವತ್ತೆಲ್ಲ ಬಾಯಿ ಮುಕ್ಕಳಿಸಬೇಡಿ, ಉಗಿಯಬೇಡಿ, ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಗಾಯ ಮಾಯುವುದಿಲ್ಲ ಅಂದರು. ಹೊರಡುವಾಗ ಕೈಗನ್ನಡಿ ಕೊಟ್ಟು ಬಾಯಿಯ ಉಳಿದ ಭಾಗ ತೋರಿಸಿದರು. ವರ್ಷದಿಂದ ಅಗಿಯದೆ ಬಿಟ್ಟ ಎಡಗಡೆ ಹಳದಿ ಗಾರೆ ಕಟ್ಟಿತ್ತು. ಬಲಗಡೆ ಒರಟು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ವಸಡು ಸರಿದು ಬೇರು ಇಣುಕುತ್ತಿತ್ತು. ಅತ್ತ ಇನ್ನೊಂದು ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು.

"ಇದನ್ನ ಯಾವಾಗ ತುಂಬ್ತೀರಿ?" ಅಂತ ಕೇಳಿದಳು.

ಹನ್ನೆರಡನೇ ದಿನ ನಿಲ್ದಾಣಕ್ಕೆ ಹೋದಳು. ಹೆಬ್ಬಾಗಿಲು ದಾಟುವಾಗಲೇ ಗಕ್ಕನೆ ನಿಂತಳು. ಮೇಲಿನಿಂದ ತನ್ನದೇ ದನಿ ಬರುತ್ತಿತ್ತು. ಹಲ್ಲು ಬಿಗಿಹಿಡಿದ, ಸುಯ್‌ಗುಡುವ, ಆ ಉಗ್ರಾಣದ ದನಿ. ಕುರ್ಚಿ ಖಾಲಿಯಾದ ಮೂರನೇ ದಿನವೇ ಮೆಷಿನ್ನು ಕೂರಿಸಿಬಿಟ್ಟಿದ್ದರು. ಐವತ್ತೇಳರವರೆಗೆ ಪರವಾಗಿಲ್ಲ. ಅಲ್ಲಿಂದಾಚೆಗೆ ಒಂದೊಂದು ಅಂಕಿಯಲ್ಲೂ ನೋವು ಏರುತ್ತಾ ಹೋಗುವುದು ಅವಳಿಗೆ ಕೇಳಿಸಿತು.

ಮೂರು ಸಲ ಸಾಹೇಬರ ಕೋಣೆಗೆ ಹೋದಳು. "ಮತ್ತೊಂದ್ಸಲ ಹೇಳ್ತೀನಿ ಸಾರ್. ಒಂದು ದಿನ ಸಾಕು. ಈಗ ಬಾಯಿ ಸರಿಯಾಗಿದೆ."

"ಅರ್ಥ ಆಗುತ್ತಲ್ಲ, ಸಾಕು ಬಿಡಿ," ಅಂದರು ಮೊದಲ ಸಲ. ರೆಕಾರ್ಡ್ ಮಾಡುವವರ ಕೆಲಸ ಮುಗಿದಿದೆ ಅಂದರು ಎರಡನೇ ಸಲ. ಮೂರನೇ ಸಲ ಬಾಗಿಲಲ್ಲೇ ಕೈಯಾಡಿಸಿ ವಾಪಸ್ಸು ಕಳಿಸಿದರು.

ಈಗ ಅವಳು ಕೆಳಗೆ ವಿಚಾರಣೆ ಕಿಟಕಿಯಲ್ಲಿ ಕೂರುತ್ತಾಳೆ. ಸ್ಪೀಕರು ನೇರ ತಲೆಯ ಮೇಲೆ. ನಾಲ್ಕು ನಿಮಿಷಕ್ಕೊಮ್ಮೆ ಕೇಳುತ್ತದೆ. ಕಂಟ್ರೋಲರು ಹಳೆಯ ಸ್ನೇಹಕ್ಕೆ ಅದರ ಸದ್ದು ತುಸು ತಗ್ಗಿಸಿಕೊಟ್ಟಿದ್ದಾನೆ, ಅಷ್ಟೇ ಅವನ ಕೈಲಿ ಆಗುವುದು. ದಿನಕ್ಕೆರಡು ಸಲ ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜುತ್ತಾಳೆ, ಆ ಇನ್ನೊಂದು ಹಲ್ಲು ತುಂಬಿಸಿಕೊಂಡಿದ್ದಾಳೆ, ಆರು ತಿಂಗಳಿಗೊಮ್ಮೆ ತಾನಾಗಿಯೇ ಹೋಗಿ ಆ ಒರಗು ಕುರ್ಚಿಯಲ್ಲಿ ಕೂರುತ್ತಾಳೆ. ನೋವಿಲ್ಲ. ಆದರೆ ತಲೆಯ ಮೇಲೆ ಆ ನೋವು ದಿನವಿಡೀ ಮಾತಾಡುತ್ತಿರುತ್ತದೆ.

ಮೊನ್ನೆ ಕಿಟಕಿಗೆ ಒಬ್ಬ ಹೆಂಗಸು ಬಂದಳು. ಸೆರಗಿನಿಂದ ಬಲಗೆನ್ನೆ ಒತ್ತಿ ಹಿಡಿದಿದ್ದಳು. ಬಸ್ಸಿನ ವಿಚಾರ ಕೇಳುತ್ತಾ, ಮೇಲಿನ ದನಿಗೆ ಕಿವಿಗೊಟ್ಟು ಒಂದು ಗಳಿಗೆ ನಿಂತಳು.

"ಆ ಯಮ್ಮನಿಗೂ ಹಲ್ಲುನೋವು ಅನ್ಸುತ್ತೆ," ಅಂದಳು.

ಇಷ್ಟು ದಿನದಲ್ಲಿ ಅದನ್ನು ಗುರುತಿಸಿದವಳು ಅವಳೊಬ್ಬಳೇ. ಮೈಕಕ್ಕ ಸರಳುಗಳ ಹತ್ತಿರಕ್ಕೆ ಬಾಗಿದಳು.

"ಹೌದಮ್ಮ, ಇತ್ತು. ನಿಮಗೆ ಎಷ್ಟು ದಿನದಿಂದ?"

"ಇದಾ? ನಿಂತು ಹೋಗಿತ್ತು. ನಿನ್ನೆಯಿಂದ ಮತ್ತೆ ಯಾಕೋ."

"ಎದುರು ರಸ್ತೆಯಲ್ಲಿ, ಔಷಧಿ ಅಂಗಡಿ ಮೇಲೆ, ಹಲ್ಲಿನ ಡಾಕ್ಟ್ರು ಇದ್ದಾರೆ. ಈಗ ತೆಗೆದಿರುತ್ತೆ. ಈಗ್ಲೇ ಹೋಗಿ, ನನ್ನ ಮಾತು ಕೇಳಿ."

"ನಾಳೆ ನೋಡ್ತೀನಿ ಅಕ್ಕಾ. ಇವತ್ತು ಕೆಲಸಕ್ಕೆ ಹೊತ್ತಾಯ್ತು," ಅಂತ ಹೆಂಗಸು ಸರಸರ ನಡೆದುಬಿಟ್ಟಳು.

ಮೈಕಕ್ಕ ಅರ್ಧ ಎದ್ದಳು. ಕಿಟಕಿಯ ಮುಂದೆ ಏಳು ಜನ ಸಾಲುಗಟ್ಟಿದ್ದರು, ಮೊದಲಿನವನು ಆಗಲೇ ಸರಳುಗಳ ನಡುವೆ ಕೈ ಚಾಚಿ ಏನೋ ಕೇಳುತ್ತಿದ್ದ. ಅವಳು ಮತ್ತೆ ಕೂತು, ಬಾಯಿತುಂಬ, ಅಕ್ಷರ ಅಕ್ಷರ ಬಿಡಿಸಿ, ಅವನಿಗೆ ಪ್ಲಾಟ್‌ಫಾರ್ಮಿನ ನಂಬರು ಹೇಳಿದಳು.